ಆ ಮೂರು ವರ್ಷದ ಲೆಕ್ಕ ಕೇಳು, ಪುಟ್ಟಿ

ಹದಿನೇಳರ ಹುಡುಗ ಅತ್ಯಾಚಾರ ಮಾಡಿದ ಸುದ್ದಿ ಓದಿದಾಗಲೆಲ್ಲ ‘ಅವನನ್ನೂ ನೇಣಿಗೆ ಹಾಕಬೇಕು ತಾತ’ ಅಂತೀಯ. ನಿನ್ನ ಸಿಟ್ಟನ್ನು ನಾನು ತಪ್ಪು ಅನ್ನುವುದಿಲ್ಲ. ಅಂಥದ್ದನ್ನು ಓದಿಯೂ ಸಿಟ್ಟು ಬಾರದವರ ಜೊತೆ ನನಗೆ ಮಾತೇ ಬೇಡ. ಆದರೆ ನಾಳೆ ಕಪ್ಪು ಕೋಟು ಹಾಕುವವಳು ನೀನು. ಕೂಗುವ ಮೊದಲು ಕಾನೂನನ್ನು ಪೂರ್ತಿ ಓದಿಕೋ.

2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸೊಂದರಲ್ಲಿ ಯುವತಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದು, ಅವಳು ಪ್ರಾಣ ಕಳೆದುಕೊಂಡಾಗ ನೀನು ತೀರ ಚಿಕ್ಕವಳು. ಆ ಬಸ್ಸಿನಲ್ಲಿದ್ದ ಆರು ಪಾಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಇನ್ನೊಬ್ಬ ಜೈಲಿನಲ್ಲೇ ಸತ್ತ. ನಾಲ್ವರನ್ನು 2020ರ ಮಾರ್ಚ್ 20ರಂದು ಗಲ್ಲಿಗೇರಿಸಿದರು. 18 ತುಂಬದಿದ್ದ ಆ ಹುಡುಗನಿಗೆ ಬಾಲ ನ್ಯಾಯ ಮಂಡಳಿ ಕೊಟ್ಟದ್ದು ವಿಶೇಷ ಗೃಹದಲ್ಲಿ ಮೂರು ವರ್ಷ. ಅಂದಿನ ಕಾಯ್ದೆಯಲ್ಲಿ ಅದಕ್ಕಿಂತ ಹೆಚ್ಚು ಕೊಡಲು ಅವಕಾಶವೇ ಇರಲಿಲ್ಲ. 2015ರ ಡಿಸೆಂಬರ್ 20ಕ್ಕೆ ಅವನು ಹೊರಬಂದಾಗ ಮಗಳನ್ನು ಕಳೆದುಕೊಂಡ ತಂದೆತಾಯಿ ದೆಹಲಿಯ ಬೀದಿಗಿಳಿದರು. ಎರಡೇ ದಿನದಲ್ಲಿ ಹೊಸ ಬಾಲ ನ್ಯಾಯ ಮಸೂದೆ ರಾಜ್ಯಸಭೆಯಲ್ಲೂ ಪಾಸಾಯಿತು.

ಹಾಗಾಗಿ ‘ಹುಡುಗ ಅಂತ ಬಿಟ್ಟುಬಿಡ್ತಾರೆ’ ಅನ್ನುವುದು ಇವತ್ತಿಗೆ ಅರ್ಧ ಸತ್ಯ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿರುವ ಘೋರ ಅಪರಾಧವನ್ನು 16 ದಾಟಿದವನು ಮಾಡಿದರೆ, ಅದರ ಪರಿಣಾಮ ತಿಳಿಯುವ ಶಕ್ತಿ ಅವನಿಗಿತ್ತೇ, ಯಾವ ಸನ್ನಿವೇಶದಲ್ಲಿ ಮಾಡಿದ ಅಂತ ಮಂಡಳಿ ಮೊದಲು ಪರಿಶೀಲಿಸುತ್ತದೆ. ಆಮೇಲೆ ಮಕ್ಕಳ ನ್ಯಾಯಾಲಯ ಅವನನ್ನು ವಯಸ್ಕನಂತೆಯೇ ವಿಚಾರಣೆ ಮಾಡಬಹುದು. ಗಲ್ಲು ಮಾತ್ರ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. 21 ತುಂಬುವವರೆಗೆ ಅವನನ್ನು ಜೈಲಿಗೆ ಕಳಿಸುವಂತಿಲ್ಲ. ತುಂಬಿದ ಮೇಲೂ ಶಿಕ್ಷೆ ಬಾಕಿಯಿದ್ದರೆ ಅವನು ತಿದ್ದಿಕೊಂಡಿದ್ದಾನೆಯೇ ಅಂತ ನ್ಯಾಯಾಲಯ ನೋಡಬೇಕು. ನನ್ನನ್ನು ಕೇಳಿದರೆ ಇಡೀ ಕಾಯ್ದೆಯ ಜೀವ ಇರುವುದು ಈ ಕೊನೆಯ ಮಾತಿನಲ್ಲಿ.

ಬಾಲಾಪರಾಧಿಯ ವಯಸ್ಸಿಗಿರುವ 18ರ ಗಡಿಯನ್ನು ಇಳಿಸಬೇಡಿ ಅಂತ, ದೆಹಲಿಯ ಆ ಘಟನೆಯ ನಂತರ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು. ಇಡೀ ದೇಶ ಕುದಿಯುತ್ತಿದ್ದಾಗ ಹಾಗೆ ಹೇಳಲು ಎದೆಗಾರಿಕೆ ಬೇಕು. ನಾನು ಅವರ ಕಡೆಗೇ. ಹದಿನೇಳರವನು ಎಷ್ಟು ವರ್ಷ ಒಳಗಿದ್ದರೂ ಒಂದು ದಿನ ಹೊರಗೆ ಬರುತ್ತಾನೆ, ನೀನು ಓಡಾಡುವ ಬೀದಿಗೇ ಬರುತ್ತಾನೆ. ಬರುವಾಗ ಹೇಗಿರುತ್ತಾನೆ ಅನ್ನುವುದೇ ನನ್ನ ಚಿಂತೆ. ಬಿಡುಗಡೆಯ ಹೊತ್ತಿಗೆ ದೆಹಲಿಯ ಹುಡುಗನಿಗೆ 10,000 ರೂಪಾಯಿ, ಒಂದು ಹೊಲಿಗೆ ಯಂತ್ರ ಕೊಡುತ್ತಾರೆ ಅಂತ ಸುದ್ದಿಯಾದಾಗ ಜನ ಉರಿದುಬಿದ್ದರು. ದುಡಿಯಲು ದಾರಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ತಾನು ಮಾಡಿದ್ದೇನು ಅಂತ ಅವನಿಗೆ ಮನವರಿಕೆಯಾಯಿತೇ? ಆ ಮೂರು ವರ್ಷ ಅವನೆದುರು ಕೂತು ಆ ಮಾತಾಡಿದವರು ಯಾರು? ಜನರ ಮುಂದೆ ಬರಬೇಕಾಗಿದ್ದ ಲೆಕ್ಕ ಅದು. ವಕೀಲಳಾದ ಮೇಲೆ ಯಾವ ಪ್ರಕರಣದಲ್ಲೂ ಅದನ್ನು ಕೇಳದೆ ಬಿಡಬೇಡ.

ಹಾಗಂತ ‘ಹುಡುಗರು, ಗೊತ್ತಾಗದೆ ಮಾಡಿಬಿಡ್ತಾರೆ’ ಅನ್ನುವವರ ಪಕ್ಕದಲ್ಲಿ ಯಾವತ್ತೂ ನಿಲ್ಲಬೇಡ. ವಯಸ್ಸು ನೋಡಿ ಶಿಕ್ಷೆ ತೂಗುವುದು ಬೇರೆ, ಕೃತ್ಯವನ್ನೇ ಹಗುರ ಮಾಡುವುದು ಬೇರೆ. ನೊಂದವಳ ಮುಂದೆ ಆ ಮಾತಾಡುವುದು ಅವಳನ್ನು ಇನ್ನೊಮ್ಮೆ ಹೊಡೆದಂತೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಿರುವ ಪೋಕ್ಸೊ ಕಾಯ್ದೆಯ ಪ್ರಕರಣದ ವಿಚಾರಣೆ ಆದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ಮುಗಿಯಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಮುಗಿಯಿತೇ, ಪರಿಹಾರ ಅವಳ ಕೈಸೇರಿತೇ, ಅವಳು ಶಾಲೆಗೆ ಮರಳಿದಳೇ ಅಂತ ವಿಚಾರಿಸುವವಳು ನೀನಾಗು. ಅವಳ ಹೆಸರು, ಫೋಟೊ ನಿನ್ನ ಫೋನಿಗೆ ಬಂದರೆ ಅಲ್ಲೇ ಅಳಿಸು. ಅನುಕಂಪದಿಂದಲೂ ಮುಂದಕ್ಕೆ ಕಳಿಸಬೇಡ.

ಇನ್ನು ನಿನ್ನ ತಮ್ಮನ ವಿಷಯ. ಅವನಿಗೀಗ 16. ಹುಡುಗಿ ‘ಬೇಡ’ ಅಂದರೆ ಬೇಡ ಅಂತಲೇ ಅರ್ಥ ಎಂದು ನಮ್ಮ ಮನೆಯಲ್ಲಿ ಅವನಿಗೆ ಬಾಯಿಬಿಟ್ಟು ಹೇಳಿದವರಿಲ್ಲ. ಮುಜುಗರ ಅಂತ ನಾವು ಜಾರಿಕೊಂಡರೆ ಫೋನಿನಲ್ಲಿ ಸಿಕ್ಕಿದ್ದನ್ನೇ ಅವನು ಪಾಠ ಅಂದುಕೊಳ್ಳುತ್ತಾನೆ. ನಿಮ್ಮಪ್ಪನಿಗೂ ಹೇಳಿದ್ದೇನೆ. ಈ ಭಾನುವಾರ ಮೂವರೂ ಕೂತು ಮಾತಾಡಿ. ನೀನು ಜೊತೆಗಿದ್ದರೆ ಅವನು ಪ್ರಶ್ನೆ ಕೇಳುತ್ತಾನೆ.