ಶ್ವಾಸೋಚ್ಛ್ವಾಸದ ಮಾರ್ಗ ಮತ್ತು ಕಲ್ಲಿನ ಧೂಳು

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಸ್ವಾಮಿಯು ಕಾಯೋತ್ಸರ್ಗದಲ್ಲಿ ನಿಂತಿರುವುದನ್ನು ಬಾಗಲಕೋಟೆ ಜಿಲ್ಲೆಯ ಶ್ರಾವಕರೆಲ್ಲ ಬಲ್ಲರು. ಆಚಾರ್ಯರು ಕಾಯೋತ್ಸರ್ಗದ ಕಾಲವನ್ನು ಉಸಿರಿನಿಂದಲೇ ಅಳೆದರು. ಒಂದು ಪಂಚನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ಸಲಕ್ಕೆ 27. ದೈವಸಿಕ ಪ್ರತಿಕ್ರಮಣಕ್ಕೆ 108. ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದು. ಏಕೇಂದ್ರಿಯವಾದ ಮರಕ್ಕೂ ಅದುಂಟು. ಉಪವಾಸದಲ್ಲಿ ಆಹಾರವನ್ನು ತ್ಯಜಿಸಬಹುದು, ಉಸಿರನ್ನು ತ್ಯಜಿಸಲಾಗದು. ಅದರ ಮಾರ್ಗವನ್ನು ಅರಿಯುವುದು ವ್ರತಿಗೆ ಉಚಿತವಾದುದು.

ಗಾಳಿಯು ಮೂಗನ್ನು ಹೊಕ್ಕಾಗ ಅಲ್ಲಿಯ ಕೂದಲುಗಳೂ ತೇವವಾದ ಲೋಳೆಪೊರೆಯೂ ದಪ್ಪ ಧೂಳನ್ನು ತಡೆಯುತ್ತವೆ. ಗಂಟಲನ್ನೂ ಧ್ವನಿಪೆಟ್ಟಿಗೆಯನ್ನೂ ದಾಟಿ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಸುಮಾರು 11 ಸೆಂ.ಮೀ. ಉದ್ದದ ಈ ನಾಳವು ಎದೆಯಲ್ಲಿ ಕವಲೊಡೆದು, ಮೂರು ಹಾಲೆಗಳ ಬಲ ಶ್ವಾಸಕೋಶಕ್ಕೂ ಎರಡು ಹಾಲೆಗಳ ಎಡ ಶ್ವಾಸಕೋಶಕ್ಕೂ ಹೋಗುತ್ತದೆ. ಕವಲುಗಳು ತಲೆಕೆಳಗಾದ ಮರದ ಕೊಂಬೆಗಳಂತೆ ಕಿರಿದಾಗುತ್ತ ಗಾಳಿಗೂಡುಗಳಲ್ಲಿ ಮುಗಿಯುತ್ತವೆ. ಇವುಗಳ ಸಂಖ್ಯೆ ಸುಮಾರು 30 ಕೋಟಿ ಅಥವಾ ಅದಕ್ಕೂ ಮಿಕ್ಕು. ಗೂಡಿನ ಗೋಡೆ ಅತಿ ತೆಳು. ಅದರಾಚೆ ರಕ್ತದ ಲೋಮನಾಳ. ಆಮ್ಲಜನಕವು ರಕ್ತವನ್ನು ಸೇರುವುದೂ ಇಂಗಾಲದ ಡೈಆಕ್ಸೈಡು ಹೊರಬೀಳುವುದೂ ಇಲ್ಲಿಯೇ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಬಲವಿಲ್ಲ. ವಪೆಯು ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ವಿಸ್ತಾರಗೊಂಡು ಗಾಳಿ ಒಳನುಗ್ಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ, ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿಯನ್ನು ಸೇವಿಸುತ್ತಾನೆ.

ಈ ಮಾರ್ಗದ ಕಾವಲು ಎಲ್ಲ ಧೂಳಿಗೂ ಸಾಲದು. ಇಳಕಲ್ಲ-ಹುನಗುಂದ ಪರಿಸರದ ಕೆಂಪು ಗ್ರಾನೈಟಿನಲ್ಲಿ ಬೆಣಚಿನ ಅಂಶ ಹೇರಳ. ಬಾದಾಮಿಯ ಮರಳುಗಲ್ಲಿನಲ್ಲಿ ಇನ್ನೂ ಅಧಿಕ. (ಆ ಗುಹೆಗಳನ್ನು ಕೊರೆದ ಕಲ್ಲುಕುಟಿಗರೂ ಇದೇ ಧೂಳನ್ನು ಸೇವಿಸಿರಬೇಕು.) ಕಲ್ಲನ್ನು ಕೊರೆದು ಕೊಯ್ಯುವಾಗ ಏಳುವ ದಪ್ಪ ಪುಡಿಯು ಕಫದೊಡನೆ ಹೊರಬರುತ್ತದೆ. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಿರಿದಾದ ಕಣವಾದರೋ ಗಾಳಿಗೂಡಿನವರೆಗೆ ಇಳಿಯುತ್ತದೆ. ಅದನ್ನು ನುಂಗಿದ ರಕ್ಷಕ ಜೀವಕೋಶಗಳು ಅರಗಿಸಲಾರದೆ ಸಾಯುತ್ತವೆ. ಆ ಸ್ಥಳವು ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಬಹುಮಟ್ಟಿಗೆ ಹತ್ತಾರು ವರ್ಷಗಳ ದುಡಿಮೆಯ ಬಳಿಕ ತೋರುವ ಈ ರೋಗವು ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲದು. ಗಡುಸಾದುದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಕ್ಷಯ ತಗಲುವ ಸಂಭವವೂ ಹೆಚ್ಚು.

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯವರು, ಮೂಗಿಗೆ ಕಟ್ಟಿದ ವಸ್ತ್ರವು ಧೂಳನ್ನೂ ಸೋಸೀತೆಂದು ನಂಬುವುದು ಸಹಜ. ಆದರೆ ನೇಯ್ಗೆಯ ಸಂದು ಈ ಕಣಕ್ಕೆ ಹೆಬ್ಬಾಗಿಲು. ಕೊರೆಯುವ ಸ್ಥಳಕ್ಕೆ ನೀರು ಹಾಯಿಸಿ ಧೂಳು ಏಳದಂತೆ ಮಾಡುವುದೇ ಮೊದಲ ರಕ್ಷೆ. ಅದಕ್ಕೆಂದೇ ಸಿದ್ಧಪಡಿಸಿದ, ಮುಖಕ್ಕೆ ಬಿಗಿಯಾಗಿ ಕೂಡುವ ಮುಖಗವಸು ಎರಡನೆಯದು. ಗಣಿಯ ಒಡೆತನವುಳ್ಳ ಶ್ರಾವಕನು ಉದ್ಯೋಗೀ ಹಿಂಸೆಯ ಲೆಕ್ಕದಲ್ಲಿ ಇರುವೆಗಳನ್ನೆಣಿಸಿ ಆಳಿನ ಶ್ವಾಸಕೋಶವನ್ನು ಮರೆತರೆ ಆ ಲೆಕ್ಕ ಪೂರ್ಣವಾಗದು.

ಪರ್ವದಿನಗಳಲ್ಲಿ ಮತ್ತೊಂದು ಭ್ರಮೆಗೆ ಅವಕಾಶವಿದೆ. ಕಲ್ಲುಕೆಲಸದಲ್ಲಿ ಸವೆದ ಹಿರಿಯರು ದಶಲಕ್ಷಣದಲ್ಲಿ ವ್ರತ ಹಿಡಿದು, ಬಸದಿಯ ಮೆಟ್ಟಿಲೇರುವಾಗ ಏದುಸಿರು ಬಿಟ್ಟರೆ ಮನೆಯವರು ಅದನ್ನು ಉಪವಾಸದ ನಿತ್ರಾಣವೆಂದೇ ಭಾವಿಸುತ್ತಾರೆ. ವ್ರತವಿಲ್ಲದ ದಿನಗಳಲ್ಲಿಯೂ ಏದುಸಿರು, ಬಿಡದ ಕೆಮ್ಮು ಇದ್ದರೆ ಎದೆಯ ಎಕ್ಸ್-ರೇ ತೆಗೆಸಬೇಕು. ಯಾವ ಕಲ್ಲಿನಲ್ಲಿ ಎಷ್ಟು ವರ್ಷ ದುಡಿದರೆಂಬುದನ್ನು ಕೇಳದಿದ್ದರೂ ವೈದ್ಯರಿಗೆ ತಿಳಿಸಬೇಕು. ಇಲ್ಲವಾದರೆ ಚಿತ್ರದಲ್ಲಿ ಕಂಡ ಚುಕ್ಕೆಗಳನ್ನು ಬರಿಯ ಕ್ಷಯವೆಂದು ತಿಳಿಯುವ ಸಂಭವವುಂಟು.