ನಕ್ಷೆಯ ಗೆರೆ ಅಂಗಳಕ್ಕೆ ಬರುವ ಮುನ್ನ

ಕಳೆದ ಮಳೆಗಾಲದಲ್ಲಿ ಮುಂಬಯಿಯ ವಿಕ್ರೋಳಿ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕೂತಿದ್ದೆ. ಗಲ್ಲಾದಲ್ಲಿದ್ದ ಯಜಮಾನರು ಎದ್ದು ಬಂದು, ನೀರು ಕುಡಿದು ಮೆತ್ತಗಾದ ಒಂದು ಕಾಗದವನ್ನು ನನ್ನ ಚಹಾ ಗ್ಲಾಸಿನ ಪಕ್ಕದಲ್ಲಿ ಬಿಡಿಸಿಟ್ಟರು. "ಇದ್ರಲ್ಲಿ ಎಂತ ಉಂಟು, ಸ್ವಲ್ಪ ಓದಿ ಹೇಳಿ ಮಾರಾಯ್ರೆ. ಕಂಬಕ್ಕೆ ಅಂಟಿಸಿದ್ರಂತೆ. ಹರಿದು ಬಿದ್ದದ್ದನ್ನು ನಮ್ಮ ಹುಡುಗ ಹೆಕ್ಕಿಕೊಂಡು ಬಂದ." ಮರಾಠಿಯ ನೋಟಿಸು. ಹೋಟೆಲಿನ ಮುಂದಿನ ರಸ್ತೆಗೆ ಹೊಸ ಗೆರೆ ಎಳೆಯುವ ಪ್ರಸ್ತಾಪ. ಆಕ್ಷೇಪ ಕೊಡುವ ಕೊನೆಯ ತಾರೀಕು ಕಳೆದು ಆಗಲೇ ಹನ್ನೊಂದು ದಿನವಾಗಿತ್ತು.

ಈ ಲೇಖನ ಬರೆಯಲು ಕಾರಣ ಆ ಹನ್ನೊಂದು ದಿನ. ಊರು ಕಟ್ಟುವ ಕಾನೂನಿನಲ್ಲಿ ನಮಗೆ ಹಕ್ಕುಗಳಿಲ್ಲ ಎಂದಲ್ಲ, ಸಾಕಷ್ಟಿವೆ. ಆದರೆ ಒಂದೊಂದಕ್ಕೂ ತಾರೀಕು ಉಂಟು. ಬುಲ್ಡೋಜರ್ ಬಂದ ದಿನ ವಕೀಲರನ್ನು ಹುಡುಕುವವನಿಗಿಂತ, ನೋಟಿಸು ಬಂದ ವಾರ ಒಂದು ಪುಟದ ಅರ್ಜಿ ಕೊಟ್ಟವನ ಕೈ ಮೇಲಾಗಿರುತ್ತದೆ.

ದೊಡ್ಡ ಜಾಗ ಖಾಲಿಯಾದಾಗ ಅಲ್ಲಿ ರಸ್ತೆ ಎಷ್ಟು, ಮೈದಾನ ಎಷ್ಟು, ಕಟ್ಟಡ ಎಷ್ಟು ಎಂಬ ಜಗಳ ಎಲ್ಲ ಊರಿನದ್ದೂ ಹೌದು. ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣ 2008ರ ಅಕ್ಟೋಬರ್‌ನಲ್ಲಿ ಮುಚ್ಚಿತು. 2010ರಲ್ಲಿ ಅದನ್ನು ಉದ್ಯಾನವಾಗಿ ಜನರಿಗೆ ತೆರೆದರು. ಅದರ ಅಂಚಿನಲ್ಲಿ ಮನೆ ಕಟ್ಟಲು ಸರ್ಕಾರ ಹೊರಟಾಗ, 2014ರ ಮೇ ತಿಂಗಳಲ್ಲಿ ಜನ ಮತ ಹಾಕಿ ಬೇಡವೆಂದರು. ರನ್‌ವೇ ಮೇಲೆ ಇವತ್ತಿಗೂ ಮಕ್ಕಳು ಸೈಕಲ್ ಹೊಡೆಯುತ್ತಾರೆ. ನಮ್ಮಲ್ಲಿ ಅಂಥ ಜನಮತಗಣನೆ ಇಲ್ಲ. ಅದರ ಜಾಗದಲ್ಲಿ ಇರುವುದು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, ಊರಿನವರ ಬಾಯಲ್ಲಿ ಎಂ.ಆರ್.ಟಿ.ಪಿ.

ವಿಕ್ರೋಳಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ಒಂದೇ ಒಡೆತನದ ವಿಶಾಲ ಜಾಗಗಳಿವೆ. 1940ರ ದಶಕದಲ್ಲಿ ಗೋದ್ರೇಜ್ ಮನೆತನ ಕೊಂಡ ನೆಲ, ಪೂರ್ವಕ್ಕೆ ಮ್ಹಾಡಾದ (ರಾಜ್ಯದ ವಸತಿ ಪ್ರಾಧಿಕಾರದ) ಕನ್ನಮ್ವಾರ್ ನಗರ ಮತ್ತು ಟ್ಯಾಗೋರ್ ನಗರ, ಎಲ್.ಬಿ.ಎಸ್. ಮಾರ್ಗದ ಉದ್ದಕ್ಕೂ ಕಾರ್ಖಾನೆಗಳು ಹೋಗಿ ಟವರುಗಳು ಎದ್ದ ಪ್ಲಾಟುಗಳು, ಪಾರ್ಕ್‌ಸೈಟಿನ ಗುಡ್ಡದ ಚಾಳುಗಳು. ಇಲ್ಲೆಲ್ಲ ಪುನರಾಭಿವೃದ್ಧಿ ಎಂಬ ಮಾತು ಬಂದ ಕೂಡಲೇ ಹಳೆಯ ಒಳದಾರಿ ಎಲ್ಲಿ ಹೋಗುತ್ತದೆ, ಮಕ್ಕಳು ಆಡುವ ಬಯಲು ಯಾರದಾಗುತ್ತದೆ ಎಂಬ ಪ್ರಶ್ನೆ ಏಳುತ್ತದೆ.

ಮೊದಲು ತಿಳಿಯಬೇಕಾದದ್ದು, ನಿಮ್ಮ ಜಾಗದ ಯೋಜನಾ ಪ್ರಾಧಿಕಾರ ಯಾರು ಎಂಬುದು. ಎಲ್ಲವೂ ಪಾಲಿಕೆಯೇ ಎಂದುಕೊಂಡು ತಪ್ಪು ಬಾಗಿಲು ತಟ್ಟುವವರೇ ಹೆಚ್ಚು. ಮ್ಹಾಡಾ ಲೇಔಟುಗಳಿಗೆ 2018ರಿಂದ ಮ್ಹಾಡಾಕ್ಕೇ ಆ ಅಧಿಕಾರ ಸಿಕ್ಕಿದೆ. ಕೊಳಗೇರಿ ಯೋಜನೆಯಾದರೆ ಕೊಳಗೇರಿ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್.ಆರ್.ಎ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೂ ಮುಂಬಯಿ ವಿಮಾನ ನಿಲ್ದಾಣದ ಅಧಿಸೂಚಿತ ಪ್ರದೇಶಕ್ಕೂ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂ.ಎಂ.ಆರ್.ಡಿ.ಎ. ಉಳಿದದ್ದಕ್ಕೆ ಪಾಲಿಕೆ. ಪಾಲಿಕೆಯೊಳಗೂ ವಿಕ್ರೋಳಿ ಒಂದೇ ಮನೆಯಲ್ಲ. ಪಾರ್ಕ್‌ಸೈಟಿನವರಿಗೆ ಘಾಟ್ಕೋಪರಿನ ಎನ್ ವಾರ್ಡ್ ಆಫೀಸು, ಕನ್ನಮ್ವಾರ್ ನಗರದವರಿಗೆ ಭಾಂಡುಪಿನ ಎಸ್ ವಾರ್ಡ್ ಆಫೀಸು.

ಆಮೇಲೆ ಬರುವುದು ಸಿ.ಟಿ.ಎಸ್. ನಂಬರು, ಅಂದರೆ ಸಿಟಿ ಸರ್ವೆಯಲ್ಲಿ ನಿಮ್ಮ ನೆಲಕ್ಕಿರುವ ಸಂಖ್ಯೆ. ಅಂಚೆ ವಿಳಾಸದಲ್ಲಿ ವಿಕ್ರೋಳಿ ಪೂರ್ವ ಎಂದಿರುವ ಎಷ್ಟೋ ಮನೆಗಳು ಕಂದಾಯ ದಾಖಲೆಯಲ್ಲಿ ಹರಿಯಾಲಿ ಎಂಬ ಗ್ರಾಮದಲ್ಲಿವೆ. ಹಾಗಾಗಿ ಗೆಜೆಟ್ಟಿನಲ್ಲಿ "ಮೌಜೆ ಹರಿಯಾಲಿ" ಎಂದು ಬಂದರೆ, ಅದು ಯಾವುದೋ ದೂರದ ಹಳ್ಳಿಯೆಂದು ಪುಟ ಮಗುಚಬೇಡಿ. ಅದು ನಿಮ್ಮ ಬಿಲ್ಡಿಂಗೇ ಇರಬಹುದು. ಸೊಸೈಟಿಯ ಪ್ರಾಪರ್ಟಿ ಕಾರ್ಡು ತೆಗೆಸಿ, ಆ ಸಂಖ್ಯೆ ಕೊಟ್ಟು ಪಾಲಿಕೆಯ ಡಿ.ಪಿ. (ಅಭಿವೃದ್ಧಿ ಯೋಜನೆ) ರಿಮಾರ್ಕ್ಸ್ ಪಡೆಯಿರಿ. ಆನ್‌ಲೈನಿನಲ್ಲೂ ಸಿಗುತ್ತದೆ. ನಿಮ್ಮ ಪ್ಲಾಟಿನ ಮೇಲೆ ರಸ್ತೆ ಹಾಯುತ್ತದೆಯೇ, ಉದ್ಯಾನಕ್ಕೋ ಶಾಲೆಗೋ ಮೀಸಲಾಗಿದೆಯೇ ಎಂಬುದು ಅದರಲ್ಲಿರುತ್ತದೆ.

ಈಗ ನೋಟಿಸಿನ ಮಾತು. ಇದರಲ್ಲಿ ಮೂರು ಬಗೆ, ಮೂರಕ್ಕೂ ದಾರಿ ಬೇರೆ.

ದೊಡ್ಡದು ಇಡೀ ನಗರದ ಅಭಿವೃದ್ಧಿ ಯೋಜನೆ, ಅದೇ ಡಿ.ಪಿ. ಎಂ.ಆರ್.ಟಿ.ಪಿ. ಕಾಯ್ದೆಯ 26ನೇ ಕಲಮಿನ ಪ್ರಕಾರ ಕರಡನ್ನು ಪ್ರಕಟಿಸಿ ಜನರಿಂದ ಆಕ್ಷೇಪ, ಸಲಹೆ ಕರೆಯಲೇಬೇಕು. 28ನೇ ಕಲಮಿನ ಪ್ರಕಾರ ಯೋಜನಾ ಸಮಿತಿ ಅವನ್ನು ಪರಿಶೀಲಿಸುತ್ತದೆ. ಆಕ್ಷೇಪ ಕೊಟ್ಟವರಿಗೆ ಖುದ್ದಾಗಿ ಮಾತಾಡುವ ಅವಕಾಶವೂ ಅಲ್ಲಿದೆ. ಕೊಡದವರಿಗೆ ಆ ಬಾಗಿಲು ಇಲ್ಲ. ಇದೆಲ್ಲ ಬರೀ ಶಾಸ್ತ್ರಕ್ಕೆ ಎನ್ನುವವರಿಗೆ 2015ನ್ನು ನೆನಪಿಸುತ್ತೇನೆ. ಆ ಫೆಬ್ರವರಿಯಲ್ಲಿ ಬಂದ ಮುಂಬಯಿಯ ಕರಡಿನಲ್ಲಿ ನಿಂತಿರುವ ಕಟ್ಟಡಗಳ ಮೇಲೆಯೇ ರಸ್ತೆಗಳು ಹಾದಿದ್ದವು. ಅರವತ್ತು ಸಾವಿರಕ್ಕೂ ಹೆಚ್ಚು ಆಕ್ಷೇಪ, ಸಲಹೆಗಳು ಬಂದವು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯವರೇ ಅದನ್ನು ಬದಿಗಿಟ್ಟು ಹೊಸದಾಗಿ ಮಾಡಲು ಹೇಳಬೇಕಾಯಿತು. ಪರಿಷ್ಕೃತ ಕರಡು 2016ರ ಮೇಯಲ್ಲಿ, ಸರ್ಕಾರದ ಮಂಜೂರಾತಿ 2018ರ ಮೇಯಲ್ಲಿ, ಜಾರಿ ಆ ಸೆಪ್ಟೆಂಬರ್ 1ರಿಂದ. ಈಗ ನಡೆಯುತ್ತಿರುವುದು 2034ರವರೆಗಿನ ಆ ಯೋಜನೆಯೇ.

ಎರಡನೆಯದು 37ನೇ ಕಲಮಿನ ಸಣ್ಣ ಮಾರ್ಪಾಡು. ಹೆಸರು ಸಣ್ಣದು, ಪೆಟ್ಟು ದೊಡ್ಡದು. ಮಂಜೂರಾದ ಡಿ.ಪಿ.ಯಲ್ಲಿ ಒಂದು ಮೈದಾನದ ಮೀಸಲನ್ನು ಬದಲಿಸುವುದು, ಒಂದು ರಸ್ತೆಯನ್ನು ಪಕ್ಕಕ್ಕೆ ಸರಿಸುವುದು ನಡೆಯುವುದು ಇಲ್ಲೇ. ನೋಟಿಸಿನಿಂದ ಒಂದು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪ ಕೊಡಬಹುದು. ಪಾಲಿಕೆ ಹೊರಡಿಸಿದ ಪ್ರಸ್ತಾಪವಾದರೆ ನೇರ ಬಾಧೆಗೊಳಗಾದವರಿಗೆ ಪ್ರತ್ಯೇಕ ನೋಟಿಸು ಕೊಟ್ಟು ಅಹವಾಲು ಕೇಳಬೇಕು. ಡಿ.ಪಿ.ಗೆ ಪೇಪರಿನವರು ಪುಟಗಟ್ಟಲೆ ಬರೆಯುತ್ತಾರೆ, 37ಕ್ಕೆ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ನನ್ನ ಕಣ್ಣಿಗೆ ಹೆಚ್ಚು ಅಪಾಯದ್ದು ಇದೇ.

ಮೂರನೆಯದೇ ಆ ಹೋಟೆಲಿನ ಕಾಗದ. ಇದು ಎಂ.ಆರ್.ಟಿ.ಪಿ.ಯದ್ದಲ್ಲ, 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 297ನೇ ಕಲಮಿನದ್ದು. ರಸ್ತೆಯ ಎರಡೂ ಅಂಚಿಗೆ ಪಾಲಿಕೆ ಒಂದು ಅಧಿಕೃತ ಗೆರೆ ನಿಗದಿ ಮಾಡುತ್ತದೆ, ಆಫೀಸಿನಲ್ಲಿ ಅದನ್ನು ಆರ್.ಎಲ್. ಎನ್ನುತ್ತಾರೆ. ಇದ್ದ ಗೆರೆಯನ್ನು ಬದಲಿಸಬೇಕಾದರೆ, ಪಾಲಿಕೆಯ ಸಭೆಗೆ ಕನಿಷ್ಠ ಒಂದು ತಿಂಗಳು ಮೊದಲು ಸ್ಥಳೀಯ ಪತ್ರಿಕೆಗಳಲ್ಲೂ ಗೆಜೆಟ್ಟಿನಲ್ಲೂ ಪ್ರಕಟಿಸಬೇಕು. ಅಷ್ಟೇ ಅಲ್ಲ, ಆ ಬೀದಿಯಲ್ಲೇ ನೋಟಿಸು ಅಂಟಿಸಬೇಕು. ಸಭೆಗೆ ಪೂರ್ತಿ ಮೂರು ದಿನ ಮುಂಚೆ ಮುನಿಸಿಪಲ್ ಸೆಕ್ರೆಟರಿ ಕಚೇರಿಗೆ ತಲುಪಿದ ಲಿಖಿತ ಆಕ್ಷೇಪಗಳನ್ನು ಪರಿಗಣಿಸಿದ ಮೇಲೆಯೇ ತೀರ್ಮಾನ. ನೂರಮೂವತ್ತು ವರ್ಷ ಹಿಂದಿನ ಕಾಯ್ದೆ ಬರೆದವರು ಕಂಬದ ಕಾಗದಕ್ಕೂ ಬೆಲೆ ಕೊಟ್ಟಿದ್ದರು, ನಾವೇ ಅದನ್ನು ಟ್ಯೂಷನ್ ಜಾಹೀರಾತೆಂದು ದಾಟಿ ಹೋಗುತ್ತೇವೆ. ಡಿ.ಪಿ. ರಸ್ತೆಯೂ ಆರ್.ಎಲ್. ಗೆರೆಯೂ ಬೇರೆ ಬೇರೆ. ಒಂದು ಇಲ್ಲವೆಂದು ಮತ್ತೊಂದೂ ಇಲ್ಲ ಎಂದುಕೊಳ್ಳಬೇಡಿ, ಎರಡನ್ನೂ ಕೇಳಿ.

ಗೆರೆ ಪಕ್ಕಾ ಆದ ಮೇಲೆ ಏನು? ಹೋಟೆಲಿನ ಮುಂದಿನ ಕಟ್ಟೆ, ಮೆಟ್ಟಿಲು, ತೆರೆದ ಅಂಗಳ ಗೆರೆಯ ಒಳಗೆ ಬಂದರೆ, 299ನೇ ಕಲಮಿನ ಪ್ರಕಾರ ಪೂರ್ತಿ ಏಳು ದಿನದ ಲಿಖಿತ ನೋಟಿಸು ಕೊಟ್ಟು ಕಮಿಷನರು ವಶಕ್ಕೆ ತೆಗೆದುಕೊಳ್ಳಬಹುದು. 301ನೇ ಕಲಮು ಪರಿಹಾರದ್ದು. ಡಿ.ಪಿ. ರಸ್ತೆಗೆ ಜಾಗ ಬಿಡುವವರು ಎಂ.ಆರ್.ಟಿ.ಪಿ.ಯ 126ನೇ ಕಲಮಿನ ಪ್ರಕಾರ ಹಣದ ಬದಲು ಟಿ.ಡಿ.ಆರ್. (ಬೇರೆಡೆಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು) ಅಥವಾ ಎಫ್.ಎಸ್.ಐ. (ಅದೇ ಪ್ಲಾಟಿನಲ್ಲಿ ಹೆಚ್ಚು ಕಟ್ಟುವ ಅವಕಾಶ) ಪಡೆಯಬಹುದು. ಬಿಲ್ಡರು ನಡುವೆ ಇದ್ದಾಗ ಆ ಟಿ.ಡಿ.ಆರ್. ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು ಸೊಸೈಟಿಯವರು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಬಾಯಿ ಮಾತು ಸಾಲದು.

ಸ್ವಾಧೀನದ ಹಂತದಲ್ಲಿ ಹೋರಾಡುವುದು ಎಷ್ಟು ಕಷ್ಟ ಎಂಬುದಕ್ಕೆ ವಿಕ್ರೋಳಿಯದ್ದೇ ಪಾಠ ಒಂದಿದೆ. ಬುಲೆಟ್ ರೈಲಿಗಾಗಿ ಗೋದ್ರೇಜ್‌ನ ಹತ್ತು ಎಕರೆಯಷ್ಟು ಜಾಗವನ್ನು 264 ಕೋಟಿ ರೂಪಾಯಿ ಪರಿಹಾರಕ್ಕೆ ಸ್ವಾಧೀನ ಮಾಡಿದ್ದನ್ನು ಕಂಪೆನಿ ಪ್ರಶ್ನಿಸಿತು. 2023ರ ಫೆಬ್ರವರಿ 9ರಂದು ಬಾಂಬೆ ಹೈಕೋರ್ಟ್ ಅರ್ಜಿ ವಜಾ ಮಾಡಿತು, ಅದೇ ತಿಂಗಳು ಸುಪ್ರೀಂ ಕೋರ್ಟೂ ಕೈ ಹಾಕಲಿಲ್ಲ. ಸಾರ್ವಜನಿಕ ಯೋಜನೆ ನೆಲಕ್ಕಿಳಿದ ಮೇಲೆ ಅಷ್ಟು ದೊಡ್ಡ ಕಂಪೆನಿಗೂ ಅದನ್ನು ತಡೆಯಲಾಗಲಿಲ್ಲ. ಆ ಹಂತದಲ್ಲಿ ನಮ್ಮಂಥವರಿಗೆ ಉಳಿಯುವುದು ಪರಿಹಾರ ಹೆಚ್ಚಿಸಿ ಎಂಬ ಕೇಳಿಕೆ. ಅದಕ್ಕೆ 2013ರ ಭೂಸ್ವಾಧೀನ ಕಾಯ್ದೆಯ 64ನೇ ಕಲಮು ಕೊಡುವ ಗಡುವೂ ಚಿಕ್ಕದೇ. ಐತೀರ್ಪಿನ ದಿನ ಹಾಜರಿದ್ದವರಿಗೆ ಆರು ವಾರ.

ಬಯಲಿನ ವಿಷಯಕ್ಕೆ ಬರೋಣ. ಬಿಲ್ಡರು ತೋರಿಸುವ ಬಣ್ಣದ ನಕ್ಷೆಯಲ್ಲಿ ಹಸಿರು ಬಳಿದದ್ದೆಲ್ಲ ಸಾರ್ವಜನಿಕ ಉದ್ಯಾನವಲ್ಲ. ಡಿ.ಪಿ.ಯಲ್ಲಿ ಉದ್ಯಾನ, ಆಟದ ಮೈದಾನ ಎಂದು ಮೀಸಲಾದದ್ದು ಊರಿಗೆಲ್ಲ. ಲೇಔಟಿನ ಆರ್.ಜಿ., ಅಂದರೆ ದೊಡ್ಡ ಪ್ಲಾಟಿನೊಳಗೆ ಕಡ್ಡಾಯವಾಗಿ ಬಿಡಬೇಕಾದ ಬಯಲು, ಆ ಲೇಔಟಿನವರಿಗೆ. ಹತ್ತು ಸಾವಿರ ಚದರ ಮೀಟರಿಗಿಂತ ದೊಡ್ಡ ಪ್ಲಾಟಿನಲ್ಲಿ ಇದು ಶೇ. 25. ಅದನ್ನು ಪಾರ್ಕಿಂಗಿನ ಮೇಲಿನ ಪೋಡಿಯಮ್ಮಿನಲ್ಲಿ ಹುಲ್ಲು ಹಾಸಿ ತೋರಿಸುವ ಚಾಳಿಯೊಂದಿತ್ತು. 2013ರ ಡಿಸೆಂಬರಿನಲ್ಲಿ ಕೊಹಿನೂರ್ ಸಿ.ಟಿ.ಎನ್.ಎಲ್. ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಬಿಡಬೇಕಾದ ಬಯಲು ನೆಲದ ಮೇಲೆಯೇ ಇರಬೇಕು ಎಂದಿತು. ಮರ ಬೇರು ಬಿಡುವುದು ಮಣ್ಣಿನಲ್ಲಿ, ಸ್ಲ್ಯಾಬಿನಲ್ಲಲ್ಲ.

ಪಾರ್ಕಿನ ಜಾಗವನ್ನು ಬೇರೆಯವರಿಗೆ ಕೊಟ್ಟರೆ, ಆ ನೆಲದ ಒಡೆಯನಲ್ಲದ ನಾನು ಕೋರ್ಟಿಗೆ ಹೋಗಬಹುದೇ? ಈ ಪ್ರಶ್ನೆಗೆ ಉತ್ತರ ನಮ್ಮ ಬೆಂಗಳೂರಿನಿಂದಲೇ ಬಂದದ್ದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಸ್ಯಾಂಕಿ ಕೆರೆಯ ಬಳಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಅವರ ಪರ ನಿಂತಿತು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡಾವಣೆಯ ಬಯಲು ನಿವಾಸಿಗಳ ಆಸಕ್ತಿಯ ವಿಷಯ, ಅವರಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಪಾರ್ಕಿಗಾಗಿ ಕೋರ್ಟಿಗೆ ಹೋಗುವವರು ಇಂದಿಗೂ ಈ ತೀರ್ಪನ್ನು ಮುಂದಿಡುತ್ತಾರೆ. ನೆನಪಿಡಿ, ಎಂ.ಆರ್.ಟಿ.ಪಿ.ಯ 149ನೇ ಕಲಮು ಸಿವಿಲ್ ದಾವೆಗೆ ಅಡ್ಡ ಬರುತ್ತದೆ. ಹಾಗಾಗಿ ದಾರಿ ಸಾಮಾನ್ಯವಾಗಿ ಹೈಕೋರ್ಟಿನ ರಿಟ್.

ಇನ್ನೊಂದು ಗಂಟು ಅದೇ ಎಂ.ಆರ್.ಟಿ.ಪಿ.ಯ 127ನೇ ಕಲಮಿನಲ್ಲಿದೆ. ಮೀಸಲು ಜಾಗವನ್ನು ಹತ್ತು ವರ್ಷದೊಳಗೆ ಪಾಲಿಕೆ ಪಡೆಯದಿದ್ದರೆ ಭೂಮಾಲೀಕ ನೋಟಿಸು ಕೊಡಬಹುದು. ಅಲ್ಲಿಂದ 24 ತಿಂಗಳಲ್ಲೂ ಸ್ವಾಧೀನಕ್ಕೆ ನಿಜವಾದ ಹೆಜ್ಜೆ ಇಡದಿದ್ದರೆ ಮೀಸಲು ರದ್ದು. 2034ರ ಯೋಜನೆಯಲ್ಲಿ ಹೊಸದಾಗಿ ಗುರುತಿಸಿದ ಮೈದಾನಗಳಿಗೆ ಆ ಹತ್ತು ವರ್ಷ ತುಂಬುವುದು 2028ರಲ್ಲಿ. ಮಾಲೀಕನಿಗೆ ಇದು ನ್ಯಾಯ, ಮಕ್ಕಳಿಗೆ ಮೈದಾನ ಬೇಕೆನ್ನುವವರಿಗೆ ಎಚ್ಚರಿಕೆಯ ಗಂಟೆ. ನಿಮ್ಮ ಪಕ್ಕದ ಮೀಸಲು ಜಾಗದ ಸ್ವಾಧೀನ ಯಾವ ಹಂತದಲ್ಲಿದೆ ಎಂದು ಈಗಲೇ ಕೇಳಿ.

ಕೇಳುವ ಸಾಧನ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ, ಬರದಿದ್ದರೆ ಇನ್ನು ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದೊಳಗೆ. ಕನ್ನಡದಲ್ಲಿ ಬರೆದರೆ ಇಲ್ಲಿ ನಡೆಯುವುದಿಲ್ಲ, ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಆಗಬೇಕು. ಮನೆಯಲ್ಲಿ ಮರಾಠಿ ಕಲಿತ ಮಗಳೋ ಮೊಮ್ಮಗನೋ ಇದ್ದಾರಲ್ಲ, ಅವರನ್ನು ಕೂರಿಸಿಕೊಳ್ಳಿ.

ರಸ್ತೆಗೆ ಮರ ಬೀಳುವುದಿದ್ದರೆ 1975ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಪತ್ರಿಕೆಯಲ್ಲೂ ಮರದ ಮೇಲೂ ನೋಟಿಸು ಬರಬೇಕು, ಆಕ್ಷೇಪಕ್ಕೆ ಏಳೇ ದಿನ. ಬೀದಿಬದಿಯ ವ್ಯಾಪಾರಿಯನ್ನು ಬೇರೆಡೆಗೆ ಕಳಿಸಲು 2014ರ ಕಾಯ್ದೆಯಂತೆ ಮೂವತ್ತು ದಿನದ ನೋಟಿಸು ಬೇಕು. ಚಾಳಿನಲ್ಲಿ ಬಾಡಿಗೆಗಿರುವವರು ವಾಸದ ಹಳೆಯ ಪುರಾವೆಗಳನ್ನು, ಅಂದರೆ ರೇಷನ್ ಕಾರ್ಡು, ಮತದಾರರ ಪಟ್ಟಿಯ ಪ್ರತಿ, ಲೈಟ್ ಬಿಲ್ಲುಗಳನ್ನು, ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಲಿ.

ಆಕ್ಷೇಪದ ಅರ್ಜಿಗೆ ವಕೀಲರ ಭಾಷೆ ಬೇಕಿಲ್ಲ. ಹೆಸರು, ವಿಳಾಸ, ಗ್ರಾಮ ಮತ್ತು ಸಿ.ಟಿ.ಎಸ್. ನಂಬರು, ನೋಟಿಸಿನ ತಾರೀಕು, ಯಾವ ಗೆರೆ ಅಥವಾ ಯಾವ ಮೀಸಲು ಎಂಬುದು, ಅದರಿಂದ ನಿಮಗೆ ಆಗುವ ತೊಂದರೆ, ಅದರ ಬದಲು ಏನು ಮಾಡಬಹುದು ಎಂಬ ಸಲಹೆ. ಕೊನೆಯಲ್ಲಿ "ಖುದ್ದು ವಿಚಾರಣೆಗೆ ಅವಕಾಶ ಕೊಡಬೇಕು" ಎಂಬ ಸಾಲು ತಪ್ಪದೆ ಇರಲಿ. ನೂರು ಮಂದಿ ಒಂದೇ ಜೆರಾಕ್ಸಿಗೆ ಸಹಿ ಹಾಕುವುದಕ್ಕಿಂತ, ಹತ್ತು ಮನೆಯವರು ತಮ್ಮ ತಮ್ಮ ತೊಂದರೆಯನ್ನು ಬೇರೆ ಬೇರೆ ಬರೆದರೆ ತೂಕ ಹೆಚ್ಚು. ಎರಡು ಪ್ರತಿ ಒಯ್ದು, ಒಂದರ ಮೇಲೆ ಇನ್‌ವರ್ಡ್ ನಂಬರು, ಸೀಲು, ತಾರೀಕು ಹಾಕಿಸಿಕೊಂಡೇ ಕೌಂಟರು ಬಿಡಿ. ಮುಂದೆ ಕೋರ್ಟಿಗೆ ಹೋದರೆ ಮೊದಲು ಕೇಳುವುದು ಆ ಪ್ರತಿಯನ್ನೇ.

ಹೋಟೆಲಿನ ಯಜಮಾನರ ಕತೆ ಏನಾಯಿತೆಂದರೆ, ಮರುದಿನವೇ ಕೂತು ಅರ್ಜಿ ಬರೆದೆವು, ತಡವಾದದ್ದಕ್ಕೆ ಕಾರಣವನ್ನೂ ಬರೆದೆವು. ಸೀಲು ಬಿತ್ತು. ತಡವಾಗಿ ಬಂದದ್ದನ್ನು ಪರಿಗಣಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ, ಅದು ಅವರಿಗೂ ಗೊತ್ತು. ಈಗ ಅವರ ಹುಡುಗ ಬೆಳಿಗ್ಗೆ ಹಾಲು ತರುವಾಗ ಬೀದಿಯ ಕಂಬಗಳನ್ನೆಲ್ಲ ನೋಡಿಕೊಂಡು ಬರುತ್ತಾನೆ. ನಿಮ್ಮ ಬೀದಿಯ ಕಂಬವನ್ನು ನೀವು ಕೊನೆಯ ಸಲ ಓದಿದ್ದು ಯಾವಾಗ?