ಝೋಸ್ಟೆರಾ: ಪಠ್ಯದ ಒಂದು ಹೆಸರು, ಕಡಲಿನ ಒಂದು ಕಥೆ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ನೀರಿನ ಮೂಲಕ ನಡೆಯುವ ಪರಾಗಸ್ಪರ್ಶದ ಬಗ್ಗೆ ಓದುವಾಗ ಮೂರು ಹೆಸರುಗಳು ಬರುತ್ತವೆ: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಮತ್ತು ಝೋಸ್ಟೆರಾ. ಮೊದಲ ಎರಡು ಸಿಹಿನೀರಿನವು, ಮೂರನೆಯದು ಸಮುದ್ರದ್ದು. ಒಂದು ಅಂಕದ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಆದರೆ ಅದೇ ಪುಸ್ತಕದ ಜೀವವೈವಿಧ್ಯ ಅಧ್ಯಾಯದಲ್ಲಿ ಬರುವ 'ಸಹ-ಅಳಿವು' ಎಂಬ ಪರಿಕಲ್ಪನೆ ಚೆನ್ನಾಗಿ ಅರ್ಥವಾಗಬೇಕಾದರೆ ಈ ಝೋಸ್ಟೆರಾದ ಕಥೆಯನ್ನು ತಿಳಿಯಲೇಬೇಕು.

ಪಾಚಿಯಲ್ಲ, ಹೂಬಿಡುವ ಸಸ್ಯ

ಝೋಸ್ಟೆರಾ ಮರೀನಾ ಒಂದು ಕಡಲ ಹುಲ್ಲು. ನೋಡಲು ಪಾಚಿಯಂತೆ ಕಂಡರೂ ಇದಕ್ಕೆ ನಿಜವಾದ ಬೇರು, ಕಾಂಡ, ಎಲೆಗಳಿವೆ. ಇದು ನೀರಿನೊಳಗೇ ಹೂಬಿಟ್ಟು ಬೀಜ ಕಟ್ಟುತ್ತದೆ. ಇದರ ಪರಾಗ ದುಂಡಗಿಲ್ಲ, ಉದ್ದನೆಯ ಎಳೆಯಂತಿದ್ದು ನೀರಿನ ಹರಿವಿನಲ್ಲಿ ತೇಲಿ ಶಲಾಕಾಗ್ರವನ್ನು ಮುಟ್ಟುತ್ತದೆ.

ಉತ್ತರ ಗೋಳಾರ್ಧದ ತಂಪು ಕಡಲತೀರಗಳಲ್ಲಿ, ಬೆಳಕು ತಳ ಮುಟ್ಟುವಷ್ಟು ಆಳವಿಲ್ಲದ ನೀರಿನಲ್ಲಿ, ಈ ಹುಲ್ಲು ಗದ್ದೆಯಂತೆ ಹರಡಿಕೊಳ್ಳುತ್ತದೆ. ಎಲೆಗಳು ನೀರಿನ ವೇಗವನ್ನು ತಗ್ಗಿಸುತ್ತವೆ. ಆಗ ನೀರಿನಲ್ಲಿದ್ದ ಮಣ್ಣು ತಳಕ್ಕೆ ಕೂರುತ್ತದೆ, ನೀರು ತಿಳಿಯಾಗುತ್ತದೆ. ಬೇರುಗಳು ಆ ಮಣ್ಣನ್ನು ಹಿಡಿದಿಡುತ್ತವೆ. ಮೀನಿನ ಮರಿ, ಏಡಿ, ಚಿಪ್ಪುಜೀವಿಗಳಿಗೆ ಅದೇ ಆಸರೆ. ಕೆನಡಾದ ಆರ್ಕ್ಟಿಕ್ ಪ್ರದೇಶದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಅಮೆರಿಕದ ಅಟ್ಲಾಂಟಿಕ್ ತೀರಕ್ಕೆ ಇಳಿದು ಬರುವ ಬ್ರ್ಯಾಂಟ್ ಎಂಬ ಹೆಬ್ಬಾತಿಗೆ ಈ ಹುಲ್ಲೇ ಮುಖ್ಯ ಆಹಾರವಾಗಿತ್ತು.

1930ರ ದಶಕದ ರೋಗ

1930ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಈ ಹುಲ್ಲಿಗೆ ರೋಗ ತಗುಲಿತು. ಎಲೆಗಳ ಮೇಲೆ ಕಪ್ಪು ಕಲೆ ಮೂಡಿ, ಅವು ಕೊಳೆತು ಉದುರಿದವು. ಕೆಲವೇ ವರ್ಷಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಹುಲ್ಲು ನಾಶವಾಯಿತು. ಲ್ಯಾಬಿರಿಂಥುಲಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ ಎಂಬುದು ದಶಕಗಳ ನಂತರದ ಪ್ರಯೋಗಗಳಿಂದ ದೃಢಪಟ್ಟಿತು. ಈ ಸೂಕ್ಷ್ಮಜೀವಿಗೆ ಉಪ್ಪು ಕಡಿಮೆಯಿರುವ ನೀರು ಒಗ್ಗುವುದಿಲ್ಲ. ಹಾಗಾಗಿ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ ಒಂದಿಷ್ಟು ಹುಲ್ಲು ಬದುಕಿ ಉಳಿಯಿತು. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ಜೀವಿ, ಮೂರು ಗತಿ

ಒಂದೇ ಹುಲ್ಲನ್ನು ನಂಬಿದ್ದ ಮೂರು ಜೀವಿಗಳ ಗತಿ ಏನಾಯಿತು ನೋಡೋಣ.

ಮೊದಲನೆಯದು ಬ್ರ್ಯಾಂಟ್ ಹೆಬ್ಬಾತು. ಹಸಿವಿನಿಂದ ಇದರ ಸಂಖ್ಯೆ ತೀವ್ರವಾಗಿ ಕುಸಿಯಿತು. ಆದರೆ ಉಳಿದವು ಉಲ್ವಾ ಎಂಬ ಹಸಿರು ಪಾಚಿಯನ್ನು ತಿನ್ನಲು ಶುರುಮಾಡಿದವು. ಆಹಾರ ಬದಲಿಸಿಕೊಂಡದ್ದರಿಂದ ಸಂತತಿ ಉಳಿಯಿತು.

ಎರಡನೆಯದು ಸ್ಕ್ಯಾಲಪ್ ಎಂಬ ಚಿಪ್ಪುಜೀವಿ. ಇದರ ಮರಿಗಳು ಹುಲ್ಲಿನ ಎಲೆಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ವರ್ಜೀನಿಯಾ ರಾಜ್ಯದ ಕಡಲತೀರದಲ್ಲಿ ಹುಲ್ಲಿನೊಂದಿಗೆ ಸ್ಕ್ಯಾಲಪ್ ಕೂಡ ಕಾಣೆಯಾಯಿತು, ಅದನ್ನು ಹಿಡಿದು ಬದುಕುತ್ತಿದ್ದವರ ಕಸುಬೂ ಹೋಯಿತು. ಬೇರೆ ತೀರಗಳಲ್ಲಿ ಅದು ಉಳಿಯಿತು. ಇದು ಸ್ಥಳೀಯ ಅಳಿವು.

ಮೂರನೆಯದು ಲಾಟಿಯಾ ಆಲ್ವಿಯಸ್ ಎಂಬ ಪುಟ್ಟ ಲಿಂಪೆಟ್, ಟೊಪ್ಪಿಯಾಕಾರದ ಚಿಪ್ಪಿರುವ ಮೃದ್ವಂಗಿ. ಇದು ಬದುಕುತ್ತಿದ್ದುದು ಝೋಸ್ಟೆರಾ ಎಲೆಯ ಮೇಲೆ ಮಾತ್ರ, ತಿನ್ನುತ್ತಿದ್ದುದು ಆ ಎಲೆಯ ಕೋಶಗಳನ್ನೇ. ಹುಲ್ಲು ಅಳಿವೆಯ ಉಪ್ಪು ಕಡಿಮೆಯಿರುವ ನೀರಿನಲ್ಲಿ ಉಳಿದಿತ್ತು, ನಿಜ. ಆದರೆ ಲಿಂಪೆಟ್‌ಗೆ ಆ ನೀರು ಸಹಿಸದು. 1929ರ ನಂತರ ಅದು ಎಲ್ಲೂ ಸಿಕ್ಕಿಲ್ಲ. ಅದು ಅಳಿದುಹೋಗಿದೆ ಎಂಬುದನ್ನು ವಿಜ್ಞಾನಿಗಳು ಗಮನಿಸಿ ಬರೆದದ್ದು 1991ರಲ್ಲಿ, ಅಂದರೆ ಸುಮಾರು ಅರವತ್ತು ವರ್ಷಗಳ ನಂತರ!

ಇಲ್ಲಿ ನಾವು ಕಲಿಯಬೇಕಾದ ಸೂಕ್ಷ್ಮ ಒಂದಿದೆ. ಆಶ್ರಯ ಕೊಡುವ ಜೀವಿ ಸಂಪೂರ್ಣ ಅಳಿದಾಗ ಅದನ್ನು ನಂಬಿದ ಜೀವಿಯೂ ಅಳಿಯುತ್ತದೆ ಎಂದು ಪಠ್ಯದಲ್ಲಿ ಓದುತ್ತೇವೆ. ಆದರೆ ಝೋಸ್ಟೆರಾ ಅಳಿಯಲಿಲ್ಲ, ಬರೀ ಕಡಿಮೆಯಾಯಿತು. ಅಷ್ಟಕ್ಕೇ ಲಿಂಪೆಟ್ ಶಾಶ್ವತವಾಗಿ ಹೋಯಿತು. 'ಇನ್ನೂ ಸ್ವಲ್ಪ ಉಳಿದಿದೆಯಲ್ಲ' ಎಂಬ ಸಮಾಧಾನ ಎಲ್ಲ ಜೀವಿಗಳಿಗೂ ಅನ್ವಯಿಸುವುದಿಲ್ಲ.

ಬೀಜ ಬಿತ್ತಿದ ವಿಜ್ಞಾನಿಗಳು

ವರ್ಜೀನಿಯಾದ ಕಡಲ ಕೊಲ್ಲಿಗಳಲ್ಲಿ ರೋಗದ ಬೆನ್ನಿಗೇ 1933ರ ಚಂಡಮಾರುತವೂ ಬಂದು ಉಳಿದ ಹುಲ್ಲನ್ನು ಅಳಿಸಿಹಾಕಿತು. ಮುಂದೆ ಸುಮಾರು ಎಪ್ಪತ್ತು ವರ್ಷ ಅಲ್ಲಿನ ತಳ ಬರಿದಾಗಿಯೇ ಇತ್ತು. ನೀರು ಚೆನ್ನಾಗಿತ್ತು, ಬೆಳಕೂ ಇತ್ತು. ಕೊರತೆಯಿದ್ದದ್ದು ಬೀಜದ್ದು ಮಾತ್ರ. ಝೋಸ್ಟೆರಾ ಬೀಜ ನೀರಿಗೆ ಬಿದ್ದೊಡನೆ ಮುಳುಗುತ್ತದೆ. ತಾಯಿಗಿಡದಿಂದ ಬಹಳ ದೂರ ಹೋಗುವುದು ಅಪರೂಪ.

ವರ್ಜೀನಿಯಾ ಇನ್‌ಸ್ಟಿಟ್ಯೂಟ್ ಆಫ್ ಮರೀನ್ ಸೈನ್ಸ್‌ನ ರಾಬರ್ಟ್ ಆರ್ಥ್ ಮತ್ತು ಸಂಗಡಿಗರು 1999ರಲ್ಲಿ ಈ ಕೊರತೆಯನ್ನು ಕೈಯಾರೆ ತುಂಬಲು ಹೊರಟರು. ವಸಂತದ ಕೊನೆಯಲ್ಲಿ ನೀರಿಗಿಳಿದು ಬೀಜವಿರುವ ಕುಡಿಗಳನ್ನು ಕಿತ್ತು ತರುವುದು, ತೊಟ್ಟಿಗಳಲ್ಲಿಟ್ಟು ಬೀಜ ಬಲಿಯಲು ಬಿಡುವುದು, ಶರತ್ಕಾಲದಲ್ಲಿ ದೋಣಿಯಿಂದ ಬಿತ್ತುವುದು. ನಮ್ಮ ರೈತರ ಕೆಲಸವೇ, ಹೊಲ ಮಾತ್ರ ನೀರಿನಡಿಯಲ್ಲಿ. ಇಪ್ಪತ್ತು ವರ್ಷಗಳಲ್ಲಿ 7 ಕೋಟಿಗೂ ಹೆಚ್ಚು ಬೀಜಗಳನ್ನು ಸುಮಾರು 200 ಹೆಕ್ಟೇರ್‌ನಲ್ಲಿ ಬಿತ್ತಲಾಯಿತು. ಅದು ತಾನಾಗಿ ಹಬ್ಬಿ 3,600 ಹೆಕ್ಟೇರ್ ದಾಟಿತು. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ನೀರು ತಿಳಿಯಾಗಿದೆ, ಮೀನುಗಳು ಹೆಚ್ಚಿವೆ, ಸ್ಕ್ಯಾಲಪ್‌ಗಳನ್ನೂ ಮರಳಿ ತಂದು ಬಿಡಲಾಗಿದೆ. ಲಿಂಪೆಟ್ ಮಾತ್ರ ಬರುವುದಿಲ್ಲ. ಅದರ ಬೀಜವನ್ನು ಯಾರೂ ಬಿತ್ತಲಾರರು.

ನಮ್ಮ ಕಡೆಗೆ

ಝೋಸ್ಟೆರಾ ಮರೀನಾ ನಮ್ಮ ಬಿಸಿ ಕಡಲಿನದಲ್ಲ. ಆದರೆ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಬೇರೆ ಜಾತಿಯ ಕಡಲ ಹುಲ್ಲುಗಳಿವೆ. ಅವುಗಳನ್ನೇ ಮೇಯುವ ಡ್ಯೂಗಾಂಗ್ ಎಂಬ ಕಡಲಹಸುವಿಗಾಗಿ 2022ರಲ್ಲಿ ಅಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಗಿದೆ. ನಮ್ಮ ರಾಜ್ಯದಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ, ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಗದಗ ಜಿಲ್ಲೆಯ ಮಾಗಡಿ ಕೆರೆಯೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿವೆ. ಮುಂದಿನ ಚಳಿಗಾಲದಲ್ಲಿ ಯಾವುದಾದರೂ ಕೆರೆ ಅಥವಾ ಅಳಿವೆಗೆ ಹೋದಾಗ ಹಕ್ಕಿಗಳನ್ನು ಎಣಿಸುವುದರ ಜೊತೆಗೆ ಅವು ಏನು ತಿನ್ನುತ್ತಿವೆ ಎಂಬುದನ್ನೂ ನೋಡಿ, ಬರೆದಿಡಿ.

ಯೋಚಿಸಿ ಉತ್ತರಿಸಿ

1. ಝೋಸ್ಟೆರಾವನ್ನು ಪಾಚಿ ಎಂದು ಕರೆಯಲಾಗದು, ಏಕೆ?
2. ಹೆಬ್ಬಾತು ಉಳಿದು ಲಿಂಪೆಟ್ ಅಳಿಯಲು ಕಾರಣವಾದ ಎರಡು ವ್ಯತ್ಯಾಸಗಳನ್ನು ಬರೆಯಿರಿ.
3. ನೀರು ಮತ್ತು ಬೆಳಕು ಎರಡೂ ಇದ್ದರೂ ವರ್ಜೀನಿಯಾದ ಕೊಲ್ಲಿಗಳಲ್ಲಿ ಹುಲ್ಲು ತಾನಾಗಿ ಮರಳಲಿಲ್ಲ. ಏಕೆ?